ಹಬಶದಿಂದ ಮುಂಡಗೋಡದವರೆಗೆ: ಆಶ್ರಯ ಬೇಡಿದವನ ಹಕ್ಕು

ಮುಸ್ಲಿಮರ ಕಾಲಗಣನೆಯು ಯಾರದೋ ಜನನದಿಂದಾಗಲಿ, ಯಾವುದೋ ಯುದ್ಧದ ವಿಜಯದಿಂದಾಗಲಿ ಆರಂಭವಾಗುವುದಿಲ್ಲ. ಎರಡನೆಯ ಖಲೀಫ ಉಮರ್(ರ)ರವರ ಕಾಲದಲ್ಲಿ, ವರ್ಷವನ್ನು ಎಲ್ಲಿಂದ ಎಣಿಸಬೇಕೆಂಬ ಸಮಾಲೋಚನೆ ನಡೆದಾಗ ಸಹಾಬಿಗಳು ಆರಿಸಿಕೊಂಡದ್ದು ಹಿಜ್ರತ್ತನ್ನು. ಅಂದರೆ ಹುಟ್ಟಿದ ಊರಿನಲ್ಲಿ ಬದುಕಲು ಬಿಡದಿದ್ದಾಗ ಪ್ರವಾದಿ(ಸ)ರವರು ಕ್ರಿ.ಶ. 622ರಲ್ಲಿ ಮಕ್ಕಾದಿಂದ ಮದೀನಾಕ್ಕೆ ಕೈಗೊಂಡ ಪಯಣವನ್ನು. ನಿಕಾಹ್‌ನಾಮೆಯ ಮೇಲೆ, ಮಸೀದಿಯ ಗೋಡೆಯ ಕ್ಯಾಲೆಂಡರಿನ ಮೇಲೆ ಹಿಜರಿ ವರ್ಷವನ್ನು ಕಾಣುವಾಗಲೆಲ್ಲ ನಾವು ಒಬ್ಬ ವಲಸಿಗನ ಚರಿತ್ರೆಯನ್ನೇ ಕಾಣುತ್ತಿರುತ್ತೇವೆ. ಆದರೆ ನಮ್ಮ ಬಾಗಿಲ ಮುಂದೆ ಒಬ್ಬ ವಲಸಿಗ ಬಂದು ನಿಂತಾಗ ಆ ಚರಿತ್ರೆ ನಮಗೆ ನೆನಪಾಗುತ್ತದೆಯೇ?

ನಮಗಂತೂ ನೆನಪಾಗಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಎರಡು ವರ್ಷಗಳ ಹಿಂದೆ ರಾಣೆಬೆನ್ನೂರಿನಲ್ಲಿ ಪಶ್ಚಿಮ ಬಂಗಾಲದ ಗೌಂಡಿಯೊಬ್ಬ ಹೆಂಡತಿ ಮಕ್ಕಳೊಂದಿಗೆ ಬಾಡಿಗೆಯ ಕೋಣೆ ಹುಡುಕಿಕೊಂಡು ನಮ್ಮ ಮೊಹಲ್ಲಾಕ್ಕೆ ಬಂದಿದ್ದ. ಕೋಣೆಯ ಮಾಲೀಕರು ನಮ್ಮ ಬಳಿ ಬಂದು ಕೇಳಿದರು: "ಬಂಗಾಲದವರಂತ ಹಜರತ್. ಆಧಾರ್ ಕಾರ್ಡ್ ತೋರಿಸ್ಯಾರ. ಆದ್ರೂ ರೂಮು ಕೊಟ್ರ ನಾಳೆ ನಮಗ ತ್ರಾಸು ಆಗೂದಿಲ್ಲೇನು?" ನಾವು "ವಿಚಾರ ಮಾಡಿ ಹೇಳೋಣ" ಎಂದೆವು. ಎರಡು ದಿನ ಆ ಮನುಷ್ಯ ನಮ್ಮ ಮಸೀದಿಯ ಕೊನೆಯ ಸಫ್‌ನಲ್ಲಿ ನಿಂತು ಮಗ್ರಿಬ್ ನಮಾಜ್ ಮಾಡಿದ. ಮೂರನೆಯ ದಿನ ಕಾಣಲಿಲ್ಲ. ಬೇರೆ ಊರಿಗೆ ಹೋದರೆಂದು ತಿಳಿಯಿತು. ಆ ವಾರ ಮಕ್ತಬದ ಮಕ್ಕಳಿಗೆ ನಾವು ಕಲಿಸುತ್ತಿದ್ದ ಪಾಠ ಹಬಶದ ಹಿಜ್ರತ್.

ಆ ಪಾಠವನ್ನು ಮಕ್ಕಳಿಗಿಂತ ಮುಂಚೆ ನಾವೇ ಮತ್ತೊಮ್ಮೆ ಓದಬೇಕಾಗಿದೆ ಎಂಬ ಅರಿವಿನಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಜಾಶಿಯ ಆಸ್ಥಾನದಲ್ಲಿ

ಮದೀನಾದ ಹಿಜ್ರತ್ತಿಗೆ ಸುಮಾರು ಏಳು ವರ್ಷ ಮುಂಚೆ, ಕ್ರಿ.ಶ. 615ರಲ್ಲಿ, ಕುರೈಶರ ಹಿಂಸೆ ಮಿತಿಮೀರಿದಾಗ ಪ್ರವಾದಿ(ಸ)ರವರು ತಮ್ಮ ಅನುಯಾಯಿಗಳಿಗೆ ಕೆಂಪು ಸಮುದ್ರದ ಆಚೆಗಿನ ಹಬಶಕ್ಕೆ, ಅಂದರೆ ಅಬಿಸೀನಿಯಾಕ್ಕೆ, ಹೋಗಲು ಸೂಚಿಸಿದರು. ಅಲ್ಲಿಯ ದೊರೆ ನಜಾಶಿ ಕ್ರೈಸ್ತರು. ಅವರ ನಾಡಿನಲ್ಲಿ ಯಾರ ಮೇಲೂ ಅನ್ಯಾಯವಾಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಆ ನಾಡನ್ನು ಆರಿಸಲಾಯಿತು. ಮೊದಲು ಹೋದ ಸಣ್ಣ ತಂಡದಲ್ಲಿ ಪ್ರವಾದಿ(ಸ)ರವರ ಪುತ್ರಿ ರುಕಯ್ಯಾ(ರ) ಮತ್ತು ಅವರ ಪತಿ ಉಸ್ಮಾನ್(ರ) ಇದ್ದರು. ಬಳಿಕ ಹೋದ ದೊಡ್ಡ ತಂಡದಲ್ಲಿ 80ಕ್ಕೂ ಹೆಚ್ಚು ಪುರುಷರೂ, ಅವರೊಂದಿಗೆ ಮಹಿಳೆಯರು ಮಕ್ಕಳೂ ಇದ್ದರು.

ಕುರೈಶರು ಸುಮ್ಮನಿರಲಿಲ್ಲ. ಅಮ್ರ್ ಬಿನ್ ಆಸ್ ಮತ್ತು ಅಬ್ದುಲ್ಲಾ ಬಿನ್ ಅಬೀ ರಬೀಅ ಎಂಬ ಇಬ್ಬರು ದೂತರನ್ನು ಉತ್ತಮ ಚರ್ಮದ ಉಡುಗೊರೆಗಳೊಂದಿಗೆ ಕಳುಹಿಸಿದರು. ಅವರು ಮೊದಲು ಆಸ್ಥಾನದ ಅಧಿಕಾರಿಗಳನ್ನು ಒಲಿಸಿಕೊಂಡರು. ಇವರು ನಮ್ಮಿಂದ ಓಡಿಬಂದ ತಿಳಿಗೇಡಿಗಳು, ಮಾತನಾಡಿಸದೆ ಹಿಂದಿರುಗಿಸಿಬಿಡಿ ಎಂಬುದು ಅವರ ಬೇಡಿಕೆಯಾಗಿತ್ತು. ನಜಾಶಿ ಒಪ್ಪಲಿಲ್ಲ. ತಮ್ಮ ನಾಡನ್ನು ನಂಬಿ ಬಂದವರ ಮಾತನ್ನು ಕೇಳದೆ ಅವರನ್ನು ಒಪ್ಪಿಸಲಾಗದು ಎಂದರು. ಜಅಫರ್ ಬಿನ್ ಅಬೀ ತಾಲಿಬ್(ರ) ಎದ್ದು ನಿಂತು ತಮ್ಮ ಜನರ ಕಥೆಯನ್ನು ಹೇಳಿದರು, ಸೂರಃ ಮರ್ಯಮ್‌ನ ಆರಂಭದ ವಚನಗಳನ್ನು ಓದಿದರು. ನಜಾಶಿಯ ಕಣ್ಣು ಒದ್ದೆಯಾಯಿತು. ಉಡುಗೊರೆಗಳು ಮಕ್ಕಾಕ್ಕೆ ಮರಳಿದವು, ವಲಸಿಗರು ಹಬಶದಲ್ಲಿ ಉಳಿದರು. ಈ ಪ್ರಸಂಗ ನಮಗೆ ತಲುಪಿದ್ದು ಅಂದು ಆ ವಲಸಿಗರಲ್ಲಿ ಒಬ್ಬರಾಗಿದ್ದ ಉಮ್ಮು ಸಲಮಾ(ರ)ರವರ ವರದಿಯಿಂದ.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಜಅಫರ್(ರ)ರವರ ಧೈರ್ಯಕ್ಕೆ ನಿದರ್ಶನವಾಗಿ ಹೇಳುತ್ತೇವೆ. ಅದು ಸರಿಯೇ. ಆದರೆ ನಜಾಶಿ ಮಾಡಿದ್ದೇನು ಎಂಬುದನ್ನೂ ಬಿಡಿಸಿ ನೋಡಬೇಕು. ಒಂದು, ಆರೋಪಿಸಿದವನ ಮಾತನ್ನಷ್ಟೇ ಕೇಳದೆ ಆಶ್ರಯ ಬೇಡಿದವನ ಮಾತನ್ನೂ ಕೇಳಿದರು. ಎರಡು, ಹಿಂಸೆ ಕಾದಿರುವ ಕಡೆಗೆ ಅವನನ್ನು ಮರಳಿ ಅಟ್ಟಲಿಲ್ಲ. ಮೂರು, ಆಶ್ರಯಕ್ಕೆ ಪ್ರತಿಯಾಗಿ ಅವನ ಧರ್ಮವನ್ನು ಕೇಳಲಿಲ್ಲ. 1951ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ನಿರಾಶ್ರಿತರ ಒಡಂಬಡಿಕೆಯ 33ನೆಯ ವಿಧಿಯು, ಜೀವಕ್ಕೆ ಅಥವಾ ಸ್ವಾತಂತ್ರ್ಯಕ್ಕೆ ಅಪಾಯವಿರುವ ನಾಡಿಗೆ ನಿರಾಶ್ರಿತನನ್ನು ಮರಳಿ ಕಳುಹಿಸಬಾರದೆಂದು ಹೇಳುತ್ತದೆ. ನಜಾಶಿ ಅದನ್ನು 13 ಶತಮಾನಗಳ ಹಿಂದೆಯೇ ನಡೆಸಿ ತೋರಿಸಿದ್ದರು. ಅವರು ತೀರಿಕೊಂಡ ಸುದ್ದಿ ಬಂದಾಗ ಪ್ರವಾದಿ(ಸ)ರವರು ಮದೀನಾದಲ್ಲಿ ಸಹಾಬಿಗಳನ್ನು ಸಾಲಾಗಿ ನಿಲ್ಲಿಸಿ, ದೂರದಿಂದಲೇ ಅವರಿಗಾಗಿ ಜನಾಝಾ ನಮಾಜ್ ನಿರ್ವಹಿಸಿದರು.

ಮಾರುಕಟ್ಟೆಯ ದಾರಿ ಕೇಳಿದ ಮುಹಾಜಿರ್

ಮದೀನಾದಲ್ಲಿ ಇನ್ನೊಂದು ಪಾಠವಿದೆ. ಪ್ರವಾದಿ(ಸ)ರವರು ಒಬ್ಬೊಬ್ಬ ಮುಹಾಜಿರನನ್ನು ಒಬ್ಬೊಬ್ಬ ಅನ್ಸಾರಿಯ ಸಹೋದರನನ್ನಾಗಿ ಮಾಡಿದರು. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರವರಿಗೆ ಸಹೋದರರಾದವರು ಸಅದ್ ಬಿನ್ ರಬೀಅ(ರ). ಸಅದ್ ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅಬ್ದುರ್ರಹ್ಮಾನ್ ಅವರಿಗಾಗಿ ದುಆ ಮಾಡಿ, ಮಾರುಕಟ್ಟೆಗೆ ದಾರಿ ಎಲ್ಲಿದೆ ಎಂದಷ್ಟೇ ಕೇಳಿದರು. ಬೆಣ್ಣೆ, ಗಿಣ್ಣುಗಳ ಸಣ್ಣ ವ್ಯಾಪಾರದಿಂದ ಆರಂಭಿಸಿ ಅವರು ಮದೀನಾದ ದೊಡ್ಡ ವರ್ತಕರಾದರು, ಅಷ್ಟೇ ದೊಡ್ಡ ದಾನಿಯೂ ಆದರು.

ಬಂದವನು ಸದಾ ಕೈಚಾಚಿಕೊಂಡೇ ಇರುತ್ತಾನೆಂಬ ನಮ್ಮ ಭಾವನೆಯನ್ನು ಈ ಘಟನೆ ತಿದ್ದುತ್ತದೆ. ವಲಸಿಗನಿಗೆ ಬೇಕಾದದ್ದು ದುಡಿಯಲು ಅವಕಾಶ, ತಲೆಯ ಮೇಲೊಂದು ಸೂರು, ಅನ್ಯಾಯವಾದಾಗ ಹೋಗಿ ಹೇಳಿಕೊಳ್ಳಲು ಒಂದು ಬಾಗಿಲು. ಇವು ಭಿಕ್ಷೆಯಲ್ಲ, ಹಕ್ಕು. ಝಕಾತ್‌ಗೆ ಅರ್ಹರಾದ 8 ವರ್ಗಗಳನ್ನು ಕುರ್‌ಆನ್ ಹೆಸರಿಸುವಾಗ ದಾರಿಹೋಕನನ್ನೂ ಅದರಲ್ಲಿ ಸೇರಿಸಿರುವುದು ಇದಕ್ಕಾಗಿಯೇ. ಆಶ್ರಯ ಬೇಡಿ ಬಂದವನು ವಿಗ್ರಹಾರಾಧಕನಾಗಿದ್ದರೂ ಅವನಿಗೆ ಆಶ್ರಯ ನೀಡಿ, ಆತ ಸುರಕ್ಷಿತನಾಗಿರುವ ಸ್ಥಳಕ್ಕೆ ತಲುಪಿಸಬೇಕೆಂದು ಸೂರಃ ತೌಬಾದ 6ನೆಯ ವಚನದಲ್ಲಿ ಆಜ್ಞೆಯಿದೆ.

ಹಬಶಿಗಳು ನಮ್ಮ ನೆರೆಗೆ ಬಂದದ್ದು

ಇದೆಲ್ಲ ಅರೇಬಿಯಾದ ಮಾತಾಯಿತು, ನಮ್ಮ ಹಾವೇರಿಗೂ ಇದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ನಾವು ತಿಳಿದಿರುವುದಕ್ಕಿಂತ ಹತ್ತಿರದ್ದು. ಹಾನಗಲ್ ದಾಟಿ ಪಶ್ಚಿಮಕ್ಕೆ ಸಾಗಿದರೆ ಮುಂಡಗೋಡ ತಾಲೂಕು. ಅಲ್ಲಿಂದ ಯಲ್ಲಾಪುರ, ಹಳಿಯಾಳದ ಕಾಡುಗಳವರೆಗೆ ಸಿದ್ದಿಗಳು ವಾಸಿಸುತ್ತಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರೂ ಇದ್ದಾರೆ. ಅವರ ಪೂರ್ವಜರು ಆಫ್ರಿಕಾದವರು. ಹಳೆಯ ಬರಹಗಳಲ್ಲಿ ಅವರನ್ನು ಹಬಶಿಗಳೆಂದೂ ಕರೆದಿದ್ದಾರೆ; ನಜಾಶಿಯ ಹಬಶದಿಂದಲೇ ಬಂದ ಶಬ್ದ ಅದು. ಪೋರ್ಚುಗೀಸರೂ ಇತರ ವ್ಯಾಪಾರಿಗಳೂ ಅನೇಕರನ್ನು ಗುಲಾಮರನ್ನಾಗಿ ಈ ಕರಾವಳಿಗೆ ತಂದರು. ಗೋವೆಯ ಒಡೆಯರಿಂದ ತಪ್ಪಿಸಿಕೊಂಡವರು ಘಟ್ಟದ ಕಾಡುಗಳಲ್ಲಿ ಆಶ್ರಯ ಪಡೆದರು.

ನಮ್ಮ ಹಿರಿಯರಾದ ಸಹಾಬಿಗಳಿಗೆ ಹಬಶವು ಗೌರವದ ನೆಲೆಯನ್ನು ಕೊಟ್ಟಿತು. ಆ ಖಂಡದ ಮಕ್ಕಳು ನಮ್ಮ ನೆರೆಗೆ ಬಂದಾಗ ಅವರಿಗೆ ಸಿಕ್ಕಿದ್ದು ಕಾಡಿನ ಮರೆ ಮಾತ್ರ. ಶತಮಾನಗಳ ಕಾಲ ಕನ್ನಡ, ಕೊಂಕಣಿಗಳನ್ನು ಆಡುತ್ತ ಇಲ್ಲಿಯವರೇ ಆಗಿ ಬದುಕಿದರೂ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಇಂದಿಗೂ ಅವರಲ್ಲೊಬ್ಬರು ಬಸ್ಸು ಹತ್ತಿದರೆ, ನಿಮ್ಮದು ಯಾವ ದೇಶ ಎಂದು ಕೇಳುವವರಿದ್ದಾರೆ. ಚಹರೆ ನೋಡಿ ಪರಕೀಯನೆಂದು ತೀರ್ಮಾನಿಸುವ ಅಭ್ಯಾಸ ಎಷ್ಟು ತಲೆಮಾರುಗಳನ್ನು ನೋಯಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಮುಂಡಗೋಡದ ಟಿಬೆಟಿಯನ್ ಕ್ಯಾಂಪು

ಅದೇ ಮುಂಡಗೋಡದಲ್ಲಿ ಇನ್ನೊಂದು ಚರಿತ್ರೆಯಿದೆ. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾವನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಟಿಬೆಟಿಯನ್ನರು ಹಿಮಾಲಯವನ್ನು ದಾಟಿದರು. ಅವರಿಗೆ ನೆಲೆ ಕಲ್ಪಿಸಲು ಪ್ರಧಾನಿ ನೆಹರೂ ರಾಜ್ಯಗಳನ್ನು ಕೋರಿದಾಗ ಅತಿ ಹೆಚ್ಚು ಭೂಮಿ ಕೊಟ್ಟದ್ದು ಅಂದಿನ ಮೈಸೂರು ರಾಜ್ಯ. ಮೊದಲು ಬೈಲಕುಪ್ಪೆ, ನಂತರ 1966ರಲ್ಲಿ ಮುಂಡಗೋಡ. ಮುಂಡಗೋಡದಲ್ಲಿ ಸುಮಾರು 4000 ಎಕರೆ ಅರಣ್ಯ ಭೂಮಿಯನ್ನು ಗುತ್ತಿಗೆಯ ಮೇಲೆ ನೀಡಲಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪ. ಲಾಸಾದ ಬಳಿಯ ಡ್ರೆಪುಂಗ್ ಮತ್ತು ಗಾಡೆನ್ ಮಠಗಳು ಇದೇ ನೆಲದಲ್ಲಿ ಮರುಸ್ಥಾಪನೆಗೊಂಡವು. ಹುಣಸೂರು, ಕೊಳ್ಳೇಗಾಲಗಳದ್ದೂ ಸೇರಿ ಇಂದು ಕರ್ನಾಟಕದಲ್ಲಿ 5 ಟಿಬೆಟಿಯನ್ ನೆಲೆಗಳಿವೆ. 2018ರ ಆಗಸ್ಟ್‌ನಲ್ಲಿ ಟಿಬೆಟಿಯನ್ನರು ಬೆಂಗಳೂರಿನಲ್ಲಿ ಕರ್ನಾಟಕಕ್ಕೆ ಕೃತಜ್ಞತೆ ಸಲ್ಲಿಸುವ ಸಮಾರಂಭವನ್ನೇ ಏರ್ಪಡಿಸಿದರು. ದಲೈ ಲಾಮಾ ಅಲ್ಲಿ ನಿಜಲಿಂಗಪ್ಪನವರನ್ನು ಸ್ಮರಿಸಿದರು.

ಕೊರೆಯುವ ಚಳಿಯ ನಾಡಿನಿಂದ ಬಂದವರಿಗೆ ಇಲ್ಲಿಯ ಬಿಸಿಲು, ಮಳೆಗಾಲ, ಕಾಡುಪ್ರಾಣಿಗಳ ಕಾಟ ಎಲ್ಲವೂ ಹೊಸದು. ಕಾಡು ಕಡಿದು ಗೋವಿನಜೋಳ, ಭತ್ತ ಬೆಳೆದರು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ನಮ್ಮ ಬಾಲ್ಯದಲ್ಲಿ ಹುಬ್ಬಳ್ಳಿಯಿಂದ ತಂದ ಟಿಬೆಟಿಯನ್ನರ ಸ್ವೆಟರ್ ತೊಟ್ಟು ಫಜ್ರ್ ನಂತರದ ಮಕ್ತಬಕ್ಕೆ ಹೋದ ನೆನಪು ನಮಗಿದೆ. ಅವರ ಮಕ್ಕಳು ಕನ್ನಡ ಕಲಿತರು. ಸುತ್ತಲಿನ ಹಳ್ಳಿಗರು ಅವರ ಹೊಲಗಳಲ್ಲಿ, ಕಟ್ಟಡಗಳಲ್ಲಿ ಕೆಲಸ ಕಂಡುಕೊಂಡರು. ಬಂದವರಿಂದ ಊರು ಬಡವಾಗುತ್ತದೆ ಎಂಬ ಭಯಕ್ಕೆ ಮುಂಡಗೋಡದ ಪೇಟೆಯೇ ಉತ್ತರ.

ಮುಸ್ಲಿಮರಾದ ನಾವು ಈ ಕಥೆಯ ಇನ್ನೊಂದು ಅಧ್ಯಾಯವನ್ನೂ ತಿಳಿದಿರಬೇಕು. ಟಿಬೆಟ್‌ನಲ್ಲಿ ಮುಸ್ಲಿಮರೂ ಇದ್ದರು. ಅವರಲ್ಲಿ ಅನೇಕರು ಕಾಶ್ಮೀರಿ ವರ್ತಕರ ವಂಶದವರು. 17ನೆಯ ಶತಮಾನದಲ್ಲಿ ಐದನೆಯ ದಲೈ ಲಾಮಾ ಲಾಸಾದಲ್ಲಿ ಅವರಿಗೆ ಮಸೀದಿ ಮತ್ತು ಕಬರಸ್ತಾನಕ್ಕಾಗಿ ಭೂಮಿ ನೀಡಿದ್ದರು. 1959ರ ನಂತರ ಅವರೂ ಮನೆಮಾರು ಬಿಟ್ಟು ಭಾರತಕ್ಕೆ ಬಂದು ಕಾಲಿಂಪಾಂಗ್, ಡಾರ್ಜಿಲಿಂಗ್, ಶ್ರೀನಗರಗಳಲ್ಲಿ ನೆಲೆಸಿದರು. ಒಮ್ಮೆ ಬೌದ್ಧ ಧರ್ಮಗುರು ಮುಸ್ಲಿಂ ವಲಸಿಗರಿಗೆ ಭೂಮಿ ಕೊಟ್ಟರು. ಮೂರು ಶತಮಾನಗಳ ನಂತರ ಅವರ ಪೀಠದ ಉತ್ತರಾಧಿಕಾರಿಯೇ ಆಶ್ರಯ ಬೇಡಿ ಬರಬೇಕಾಯಿತು. ಇಂದು ಬಾಗಿಲ ಒಳಗಿರುವವರು ನಾಳೆ ಹೊರಗೆ ನಿಲ್ಲಬೇಕಾಗಬಹುದು. ಇದನ್ನು ಯಾವ ಸಮುದಾಯವೂ ಮರೆಯಬಾರದು.

ಕರುಣೆಯಷ್ಟೇ ಸಾಲದು

ಟಿಬೆಟಿಯನ್ನರಿಗೆ ದೊರೆತದ್ದು ಸರ್ಕಾರದ ಔದಾರ್ಯ. ಅದು ಸ್ತುತ್ಯವಾದದ್ದು. ಆದರೆ ಔದಾರ್ಯವು ಒಬ್ಬರಿಗೆ ಒಲಿದು ಇನ್ನೊಬ್ಬರಿಗೆ ಮುನಿಯಬಲ್ಲದು. ಭಾರತವು 1951ರ ಒಡಂಬಡಿಕೆಗೆ ಸೇರಿಲ್ಲ. ನಿರಾಶ್ರಿತರಿಗಾಗಿಯೇ ರೂಪಿಸಿದ ಪ್ರತ್ಯೇಕ ಕಾಯ್ದೆಯೂ ನಮ್ಮಲ್ಲಿಲ್ಲ. ಹೀಗಾಗಿ ಒಂದೇ ಬಗೆಯ ಸಂಕಟದಿಂದ ಓಡಿಬಂದ ಇಬ್ಬರಲ್ಲಿ ಒಬ್ಬನಿಗೆ ಭೂಮಿ, ಇನ್ನೊಬ್ಬನಿಗೆ ಬಂಧನ ಎಂಬ ಸ್ಥಿತಿ ಉಂಟಾಗಲು ಎಡೆಯಿದೆ. ಮ್ಯಾನ್ಮಾರ್‌ನಿಂದ ಜೀವ ಉಳಿಸಿಕೊಂಡು ಬಂದ ರೋಹಿಂಗ್ಯಾ ಜನರ ಅನುಭವ ಇದೇ ಆಗಿದೆ.

ಆದರೂ ನಮ್ಮ ಸಂವಿಧಾನ ಮೌನವಾಗಿಲ್ಲ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ರಕ್ಷಣೆಯನ್ನು 21ನೆಯ ವಿಧಿ ನಾಗರಿಕನಿಗಷ್ಟೇ ಅಲ್ಲ, ಪ್ರತಿಯೊಬ್ಬ ವ್ಯಕ್ತಿಗೂ ನೀಡಿದೆ. ಅರುಣಾಚಲ ಪ್ರದೇಶದಲ್ಲಿ ನೆಲೆಸಿದ್ದ ಚಕ್ಮಾ ಜನರನ್ನು ಬೆದರಿಸಿ ಓಡಿಸುವ ಪ್ರಯತ್ನ ನಡೆದಾಗ, 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಾಗರಿಕನಾಗಿರಲಿ ಇಲ್ಲದಿರಲಿ ಪ್ರತಿಯೊಬ್ಬ ಮನುಷ್ಯನ ಜೀವವನ್ನು ರಕ್ಷಿಸುವುದು ರಾಜ್ಯದ ಕರ್ತವ್ಯವೆಂದು ತೀರ್ಪಿತ್ತಿತು. ಚಕ್ಮಾಗಳಲ್ಲಿ ಹೆಚ್ಚಿನವರು ಬೌದ್ಧರು. 2021ರಲ್ಲಿ ರೋಹಿಂಗ್ಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯವು 14 ಮತ್ತು 21ನೆಯ ವಿಧಿಗಳು ಎಲ್ಲರಿಗೂ ಅನ್ವಯಿಸುತ್ತವೆ ಎಂದಿತು. ಆದರೆ ದೇಶದಿಂದ ಹೊರಹಾಕಲ್ಪಡದಿರುವ ಹಕ್ಕು ನಾಗರಿಕರಿಗೆ ಮಾತ್ರ ಸೇರಿದ್ದು ಎಂದು ಹೇಳಿ, ಕಾನೂನಿನ ಕ್ರಮ ಅನುಸರಿಸದೆ ಅವರನ್ನು ಗಡೀಪಾರು ಮಾಡಬಾರದೆಂದು ಸೂಚಿಸಿತು. ಎರಡು ತೀರ್ಪುಗಳ ನಡುವಿನ ಅಂತರದಲ್ಲಿಯೇ ನಿರಾಶ್ರಿತರಿಗಾಗಿ ಒಂದು ಸ್ಪಷ್ಟ ಕಾಯ್ದೆಯ ಅಗತ್ಯ ಕಾಣುತ್ತದೆ. ಆ ಕಾಯ್ದೆ ಧರ್ಮವನ್ನು ನೋಡದೆ ಸಂಕಟವನ್ನು ನೋಡಬೇಕು. ನಜಾಶಿಯ ಅಳತೆ ಅದೇ ಆಗಿತ್ತು.

ಗುಳೆ ಹೋಗುವವರು ನಾವೇ

ಬಂಗಾಲದ ಗೌಂಡಿ ನಿರಾಶ್ರಿತನಲ್ಲ. ಅವನು ಈ ದೇಶದ ನಾಗರಿಕ. ಭಾರತದ ಯಾವುದೇ ಭಾಗದಲ್ಲಿ ವಾಸಿಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಅವನಿಗೆ ಕೊಟ್ಟಿದೆ. ಆದರೂ ಅವನ ಭಾಷೆಯೂ ಬಡತನವೂ ಸೇರಿ ಅವನನ್ನು ಶಂಕಿತನನ್ನಾಗಿಸುತ್ತವೆ. ಹಾವೇರಿ ಜಿಲ್ಲೆಯವರಾದ ನಾವು ಇದನ್ನು ಬೇರೆಯವರ ಸಮಸ್ಯೆಯೆಂದು ಭಾವಿಸಲಾಗದು. ಮಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳಿಂದ, ತಾಂಡಾಗಳಿಂದ ಜನ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶೀಯರು ಇದ್ದಾರೆಂಬ ಆರೋಪದ ಮೇಲೆ ಬಡವರ ಗುಡಿಸಲುಗಳನ್ನು ಕೆಡವಲಾಯಿತು. ಹಾಗೆ ನೆಲೆ ಕಳೆದುಕೊಂಡವರಲ್ಲಿ ಅಸ್ಸಾಂ, ಬಂಗಾಲಗಳವರ ಜೊತೆ ನಮ್ಮ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು. ತಮ್ಮದೇ ರಾಜ್ಯದ ರಾಜಧಾನಿಯಲ್ಲಿ ಕನ್ನಡಿಗರೇ ಪರದೇಶಿಗಳಾದರು. ವಿಷಯ ಉಚ್ಚ ನ್ಯಾಯಾಲಯಕ್ಕೆ ಹೋದ ಮೇಲೆ ತೆರವಿಗೆ ತಡೆ ಬಿತ್ತು. ಒಬ್ಬರ ಮೇಲೆ ಹೊರಿಸಿದ ಶಂಕೆ ಅಲ್ಲಿಗೇ ನಿಲ್ಲುವುದಿಲ್ಲ.

ನಮ್ಮ ಊರುಗಳ ಹೆಸರನ್ನಾದರೂ ನೋಡೋಣ. ಹಾವೇರಿಯನ್ನು ಏಲಕ್ಕಿ ಕಂಪಿನ ನಾಡು ಎನ್ನುತ್ತಾರೆ. ಏಲಕ್ಕಿ ಇಲ್ಲಿಯ ಬೆಳೆಯಲ್ಲ, ಮಲೆನಾಡಿನದು. ಹೊರಗಿನಿಂದ ಬಂದ ಏಲಕ್ಕಿಯನ್ನು ನಮ್ಮ ಊರಿನ ಮುಸ್ಲಿಂ ಕುಶಲಕರ್ಮಿಗಳು ಮಾಲೆಯಾಗಿಸಿ ನಾಡಿಗೆಲ್ಲ ಪರಿಚಯಿಸಿದರು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಈ ನೆಲವಲ್ಲ. ಮೆಣಸಿನಕಾಯಿ ಅಮೆರಿಕಾ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಭಾರತಕ್ಕೆ ಬಂದದ್ದು. ಇಂದು ಬ್ಯಾಡಗಿಯ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರಗಳಿಂದ ಲಾರಿಗಳು ಬರುತ್ತವೆ. ಚೀಲ ಹೊರುವ ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಆ ಘಾಟಿನಲ್ಲಿಯೇ ದಿನವಿಡೀ ದುಡಿಯುತ್ತಾರೆ. ಹೊರಗಿನಿಂದ ಬಂದ ಮೆಣಸಿನಕಾಯಿ ನಮ್ಮದಾಗಬಹುದಾದರೆ ಹೊರಗಿನಿಂದ ಬಂದ ಮನುಷ್ಯ ಏಕಾಗಬಾರದು?

ನಾವು ಮಾಡಬಹುದಾದದ್ದು

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ದೇಶದೊಳಗೆ ಬರುವವರ ವಿಚಾರಣೆ ನಡೆಸುವ ಅಧಿಕಾರ ಸರ್ಕಾರಕ್ಕಿದೆ. ಸುಳ್ಳು ದಾಖಲೆ ಮಾಡಿಸಿಕೊಡುವುದು ನೆರವಲ್ಲ. ಅದು ಪಾಪವೂ ಹೌದು, ಅಪರಾಧವೂ ಹೌದು. ವಕಾಲತ್ತು ಎಂದರೆ ಮರೆಮಾಚುವುದಲ್ಲ, ನಿಜವನ್ನು ಕೇಳುವವರ ಮುಂದೆ ಜಅಫರ್(ರ)ರವರಂತೆ ನಿಂತು ಹೇಳುವುದು.

ಬಾಡಿಗೆದಾರನ ಗುರುತಿನ ಪತ್ರ ನೋಡಿ, ಕರಾರು ಪತ್ರ ಬರೆಸಿ ಮನೆ ಕೊಡುವುದರಲ್ಲಿ ಯಾವ ತಪ್ಪೂ ಇಲ್ಲ. ವಲಸೆ ಬಂದವರ ಮಗುವನ್ನು ಹತ್ತಿರದ ಸರ್ಕಾರಿ ಶಾಲೆಗೆ ನಾವೇ ಕರೆದೊಯ್ಯಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಗುವಿಗೆ ಜನನ ಪ್ರಮಾಣಪತ್ರ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಬೇರೆ ರಾಜ್ಯದ ಪಡಿತರ ಚೀಟಿಯ ಮೇಲೂ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯುವ ವ್ಯವಸ್ಥೆ ಈಗ ದೇಶದಾದ್ಯಂತ ಇದೆ. ಅದನ್ನು ಅವರಿಗೆ ತಿಳಿಸಿ ಹೇಳಬೇಕು. ಕೂಲಿ ಕೊಡದೆ ಸತಾಯಿಸುವ ಗುತ್ತಿಗೆದಾರನ ವಿರುದ್ಧ ಕಾರ್ಮಿಕ ಇಲಾಖೆಗೆ ದೂರು ಬರೆಯಲು ಕನ್ನಡ ಬಲ್ಲ ನಮ್ಮ ಯುವಕರು ನೆರವಾಗಬೇಕು. ಬಡವರಿಗೆ, ಮಹಿಳೆಯರಿಗೆ, ಬಂಧನದಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ. ಜಮಾಅತ್‌ನ ಝಕಾತ್ ಲೆಕ್ಕದಲ್ಲಿ ದಾರಿಹೋಕನ ಪಾಲನ್ನು ನೆನಪಿಡಬೇಕು. ಮುಸ್ಲಿಮೇತರ ವಲಸಿಗನಿಗೆ ಸದಕಾದಿಂದ ಸಹಾಯ ಮಾಡಬಹುದು. ಇವೆಲ್ಲಕ್ಕಿಂತ ಮೊದಲು, ಯಾರನ್ನೇ ಆಗಲಿ ಭಾಷೆಯಿಂದ, ಚಹರೆಯಿಂದ ಅಳೆಯುವ ಮಾತು ನಮ್ಮ ಮನೆಯ ಮಕ್ಕಳ ಕಿವಿಗೆ ಬೀಳದಂತೆ ನೋಡಿಕೊಳ್ಳಬೇಕು.

ಅಂದು ಹೊರಟುಹೋದ ಆ ಕುಟುಂಬ ಈಗ ಎಲ್ಲಿದೆಯೋ ನಮಗೆ ತಿಳಿಯದು. ಅವರ ಹಕ್ಕು ನಮ್ಮ ಮೇಲೆ ಉಳಿದಿದೆ. ಅಂದು ನಮ್ಮನ್ನು ಕೇಳಿದ ಮಾಲೀಕರಿಗೆ ಈಚೆಗೆ ಹೇಳಿದ್ದೇವೆ: ಇನ್ನು ಮುಂದೆ ಯಾರಾದರೂ ಕೋಣೆ ಕೇಳಿಕೊಂಡು ಬಂದರೆ ಮೊದಲು ಅವರನ್ನು ಒಳಗೆ ಕೂರಿಸಿ, ಒಂದು ಲೋಟ ಚಹಾ ಕೊಟ್ಟು ಮಾತನಾಡಿಸಿ, ನಮ್ಮನ್ನೂ ಕರೆಯಿರಿ, ನಾವು ಬರುತ್ತೇವೆ. ಆಶ್ರಯ ಬೇಡಿದವನ ಮಾತನ್ನು ಕೇಳುವ ಕಿವಿಯನ್ನೂ, ಅವನ ಪರವಾಗಿ ನಿಲ್ಲುವ ಧೈರ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.